ಜಿರಾಫೆ ನಿಂತಲ್ಲಿ ನಾನು ಕೂರುತ್ತಿದ್ದೆ

ಅಭಿವೃದ್ಧಿ ಬೇಡ ಎನ್ನುವವನು ನಾನಲ್ಲ. ಆಗಲಿ, ಧಾರಾಳವಾಗಿ ಆಗಲಿ. ರಸ್ತೆ ಅಗಲವಾಗಲಿ, ದೀಪ ಹತ್ತಲಿ, ಕಾರಂಜಿ ಚಿಮ್ಮಲಿ. ನಾನು ಕೂರುವ ಜಾಗ ಒಂದನ್ನು ಬಿಟ್ಟು ಎಲ್ಲಿ ಬೇಕಾದರೂ ಆಗಲಿ. ಇದರಲ್ಲಿ ಸ್ವಾರ್ಥವೇನಿಲ್ಲ. ಎಲ್ಲರೂ ಹೀಗೇ ಯೋಚಿಸುತ್ತಾರೆ, ನಾನು ಬಾಯಿಬಿಟ್ಟು ಹೇಳುತ್ತೇನೆ ಅಷ್ಟೇ. ಖರೇ ಹೇಳಬೇಕೆಂದರೆ ಪಾರ್ಕಿನ ಸಭೆಯಲ್ಲಿ ನಾನೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಅದಕ್ಕೇ ಈಗ ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ನನ್ನ ಜಾಗ ಎಂದರೆ ಧಾರವಾಡದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೇವಿನ ಮರದ ಕೆಳಗಿದ್ದ ಕಲ್ಲಿನ ಬೆಂಚು. ಬೆಳಗಿನ ಹೊತ್ತು ನನ್ನ ಮನೆಯಲ್ಲಿ ನನಗೇ ಜಾಗವಿಲ್ಲ ಎಂಬುದು ನಿವೃತ್ತನಾದ ಮೇಲಷ್ಟೇ ಗೊತ್ತಾಯಿತು. ಹೆಂಡತಿ ಸುಧಾ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ನಾನು ಕಚೇರಿಗೆ ಹೋಗುತ್ತಿದ್ದ ಕಾಲದಲ್ಲಿ "ಯಾರೋ ನಾಕು ಹುಡುಗೂರು ಬರ್ತಾವ" ಎನ್ನುತ್ತಿದ್ದಳು. ಮನೆಯಲ್ಲಿ ಕೂತು ನೋಡಿದರೆ ಪಡಸಾಲೆ ತುಂಬ ಮಕ್ಕಳು, ಕಟ್ಟೆ ತುಂಬ ಅವರ ತಾಯಂದಿರು. ಒಂದೇ ಸ್ವರವನ್ನು ಇಷ್ಟು ಮಂದಿ ಇಷ್ಟು ಬೇರೆ ಬೇರೆ ಎತ್ತರದಲ್ಲಿ ಹಾಡಬಹುದೆಂದು ನನಗೆ ತಿಳಿದಿರಲಿಲ್ಲ. ಪೇಪರು ಹಿಡಿದು ಅಡುಗೆಮನೆಗೆ ಹೋದರೆ ಅಲ್ಲಿ ಇಬ್ಬರು ಹುಡುಗಿಯರು ತಾಳ ಹಾಕುತ್ತಿದ್ದರು. "ಪಾರ್ಕಿನ್ಯಾಗ ಹೋಗಿ ಕೂಡ್ರಿ, ಗಾಳಿ ಛಲೋ ಇರ್ತದ" ಎಂದಳು ಸುಧಾ. ಗಡೀಪಾರು ಮಾಡುವಾಗಲೂ ನಮ್ಮ ಊರಿನ ಮಾತು ಮೆತ್ತಗೆ. ಹಾಗೆ ಹೋದವನು ಆ ಬೆಂಚಿನ ಮೇಲೆ ನೆಲೆ ನಿಂತೆ. ಪೇಪರು ತಾನಾಗಿ ಮುಖದ ಮೇಲೆ ಬಂದು ಮಲಗುವವರೆಗೆ ಓದುತ್ತಿದ್ದೆ. ಸರಕಾರ ಕೊಡುವ ಪಿಂಚಣಿಗಿಂತ ಆ ನಿದ್ದೆ ನನಗೆ ದೊಡ್ಡದಾಗಿತ್ತು.

ಹೀಗಿರುವಾಗ ಬಡಾವಣೆಯ ವಾಟ್ಸಾಪ್ ಗುಂಪಿಗೆ ಪಾರ್ಕಿನ ಹೊಸ ನಕ್ಷೆಯ ಫೋಟೋ ಬಂತು. ಕಳಿಸಿದವರು ಪಕ್ಕದ ಮನೆಯ ಹಿರೇಮಠ ಮಾಸ್ತರರು. ಸಾಲೆಯಲ್ಲಿದ್ದಾಗ ಒಂದು ದಿನವೂ ನಗದವರು, ಈಗ ಪಾರ್ಕಿನಲ್ಲಿ ನಗೆಕೂಟ ನಡೆಸುತ್ತಾರೆ. "ನಮ್ಮ ಪಾರ್ಕ್ ಹಾಳ್ ಮಾಡಾಕತ್ತಾರ" ಎಂದು ಕೆಳಗೆ ಬರೆದಿದ್ದರು. ಅವರಿಗೆ ಅದನ್ನು ಕಳಿಸಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಒಂದು ಗೇಟು, ಸುತ್ತ ದಾರಿ, ನಡುವೆ ಹುಲ್ಲು, ಮೂಲೆಯಲ್ಲೊಂದು ಮರ. ನಮ್ಮದಲ್ಲದೆ ಇನ್ಯಾರದು? ಎಲ್ಲರೂ ಬೆರಳಿನಿಂದ ಫೋಟೋ ಹಿಗ್ಗಿಸಿ ತಮ್ಮ ತಮ್ಮ ಜಾಗ ಹುಡುಕಿದೆವು, ಹುಡುಕಿದವರಿಗೆಲ್ಲ ಸಿಕ್ಕಿತು. ಮಾಸ್ತರರು ನಗುವ ಹುಲ್ಲಿನ ಮೇಲೆ ಸಂಗೀತ ಕಾರಂಜಿ. ಬ್ಯಾಂಕಿನಿಂದ ನಿವೃತ್ತರಾದ ಕಾಂಬಳೆ ಮೇಡಂ ಮುಂಜಾನೆ ಬಿರಬಿರನೆ ಸುತ್ತುವ ದಾರಿಗೆ ಅಡ್ಡಲಾಗಿ ಸೆಲ್ಫಿ ತೆಗೆಯುವ ಕಮಾನು. ನನ್ನ ಬೆಂಚು ಇರಬೇಕಾದಲ್ಲಿ ಸಿಮೆಂಟಿನ ಜಿರಾಫೆ. ಆ ದಿನ ನನಗೆ ಬೆಂಚಿನ ಮೇಲೂ ನಿದ್ದೆ ಬರಲಿಲ್ಲ.

ಸಭೆ ಪಾರ್ಕಿನಲ್ಲೇ ನಡೆಯಿತು. ಕುರ್ಚಿ ತರಿಸಿ, ಚಹಾ ಹೇಳಿ, ಪಾಲಿಕೆಯ ಎಂಜಿನಿಯರ್ ಸಾಹೇಬರನ್ನೂ ಕರೆದಿದ್ದೆವು. ಕಚೇರಿಯಲ್ಲಿ ಟಿಪ್ಪಣಿ ಬರೆದು ಬರೆದು ನನ್ನ ಭಾಷೆ ಗಟ್ಟಿಯೆಂಬ ನಂಬಿಕೆ ಬಡಾವಣೆಯಲ್ಲಿ ಇರುವುದರಿಂದ ಮಾತಾಡುವ ಕೆಲಸ ನನಗೇ ಬಂತು. ಮಾತಾಡಿದೆ. ನೆರಳನ್ನು ಕಡಿದು ಕಾರಂಜಿ ಕಟ್ಟುವುದು ಯಾವ ನ್ಯಾಯ ಎಂದೆ. ಒಂದು ಕಲ್ಲಿನ ಬೆಂಚಿಗೆ ಇರುವ ಮರ್ಯಾದೆ ಜಿರಾಫೆಗೆ ಎಲ್ಲಿಂದ ಬರಬೇಕು ಎಂದೆ. ಎಲ್ಲಿಯೂ 'ನಾನು' ಎನ್ನಲಿಲ್ಲ, 'ನಮ್ಮ ಹಿರಿಯ ನಾಗರಿಕರು' ಎಂದೆ. ಆ ಹಿರಿಯ ನಾಗರಿಕರೆಲ್ಲ ಒಬ್ಬನೇ ಆಗಿ ಆ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದುದು ಎಂಜಿನಿಯರಿಗೆ ಗೊತ್ತಿರಲಿಲ್ಲ. ಮಂದಿ ಚಪ್ಪಾಳೆ ತಟ್ಟಿದರು. ಕಾಂಬಳೆ ಮೇಡಂ ಕಣ್ಣೊರೆಸಿಕೊಂಡಂತೆಯೂ ಕಂಡಿತು.

ಎಂಜಿನಿಯರ್ ಚಹಾ ಮುಗಿಸಿ, ಕಪ್ಪು ಕೆಳಗಿಟ್ಟು, ಮಾಸ್ತರರ ಮೊಬೈಲಿನಲ್ಲಿ ನಕ್ಷೆ ನೋಡಿದರು. "ಭಾಳ ಛಲೋ ಮಾತಾಡಿದ್ರಿ. ಆದ್ರ ಇದು ನಿಮ್ಮ ಪಾರ್ಕ್ ಅಲ್ರಿ. ಹುಬ್ಬಳ್ಳ್ಯಾಗಿಂದು. ನಿಮ್ಮ ಪಾರ್ಕಿಗೆ ಈ ಸಲ ಏನೂ ಇಲ್ಲ. ನೀವು ಅರಾಮ ಇರ್ರಿ."

ನನ್ನ ಎದೆಯ ಮೇಲಿನ ಜಿರಾಫೆ ಇಳಿದು ಹೋಯಿತು. ಅಲ್ಲಿಗೇ ಎದ್ದು ಕುರ್ಚಿ ಮಡಚಿದ್ದರೆ ಈ ಪ್ರಬಂಧವೂ ಇರುತ್ತಿರಲಿಲ್ಲ. ಅಷ್ಟರಲ್ಲಿ ಕಾಂಬಳೆ ಮೇಡಂ ಕೇಳಿದರು: "ಅಂದ್ರ ಹುಬ್ಬಳ್ಳಿಯವರಿಗೆ ಕಾರಂಜಿ, ನಮಗೇನೂ ಇಲ್ಲೇನ್ರಿ?"

ಪರವೂರಿನ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಹುಬ್ಬಳ್ಳಿ ಧಾರವಾಡ ಅವಳಿ ನಗರ. ಅವಳಿ ಮಕ್ಕಳಿರುವ ಮನೆಯಲ್ಲಿ ಒಬ್ಬನಿಗೆ ಅಂಗಿ ತಂದರೆ ಇನ್ನೊಬ್ಬ ಏನು ಮಾಡುತ್ತಾನೋ ನಾವು ಅದನ್ನೇ ಮಾಡಿದೆವು. ಅಂಗಿ ತನಗೆ ಬೇಕಿತ್ತೋ ಇಲ್ಲವೋ ಎಂದು ಯಾವ ಮಗುವೂ ಯೋಚಿಸುವುದಿಲ್ಲ. "ವ್ಯಾಪಾರ ಅವರಿಗೆ, ವಿಮಾನ ಅವರಿಗೆ, ಈಗ ಜಿರಾಫಿನೂ ಅವರಿಗೇ ಏನ್ರಿ?" ಎಂದು ಮಾಸ್ತರರು ಎದ್ದು ನಿಂತರು. ಎಂಜಿನಿಯರ್ ಕಕ್ಕಾಬಿಕ್ಕಿಯಾದರು. "ಈಗಷ್ಟ ಬ್ಯಾಡ ಅಂದ್ರಲ್ರಿ?"

"ನಮ್ಮದಂತ ತಿಳಕೊಂಡು ಬ್ಯಾಡ ಅಂದ್ವಿ. ಅವರದಂತ ಗೊತ್ತಾತಲ್ಲ, ಈಗ ಬೇಕು" ಎಂದರು ಮಾಸ್ತರರು. ಆಮೇಲೆ ನನ್ನ ಕಡೆ ತಿರುಗಿ, "ನೀವಽ ಹೇಳ್ರಿ, ನಿಮ್ಮ ಮಾತಿಗೆ ತೂಕ ಐತಿ" ಎಂದರು.

ಹೊಗಳಿಕೆಗೆ ನಾನು ಮೊದಲಿನಿಂದಲೂ ಮೆತ್ತಗೆ. ಅದಲ್ಲದೆ ಹುಬ್ಬಳ್ಳಿಯ ಹೆಸರು ಕೇಳಿ ನನಗೂ ಆ ಅಂಗಿ ಬೇಕೆನಿಸಿತ್ತು, ಸುಳ್ಳೇಕೆ ಹೇಳಲಿ. ಎದ್ದು ನಿಂತೆ. ಬರೀ ನೆರಳು ಕೊಟ್ಟು ಹಿರಿಯ ನಾಗರಿಕರನ್ನು ಎಷ್ಟು ದಿನ ಸಮಾಧಾನ ಮಾಡುತ್ತೀರಿ ಎಂದೆ. ಅವರಿಗೂ ಕಾರಂಜಿ ನೋಡುವ ಆಸೆ ಇರುವುದಿಲ್ಲವೇ ಎಂದೆ. ಜಿರಾಫೆ ಈ ಊರಿನ ಹಕ್ಕು ಎಂದೂ ಹೇಳಿದೆನಂತೆ. ಈ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತು.

ಆ ಮಾತಿಗೆ ಫಲ ಸಿಕ್ಕಿತು. ಕೆಲವು ತಿಂಗಳಲ್ಲಿ ಯೋಜನೆ ಕಾರಂಜಿ, ಕಮಾನು ಸಮೇತ ನಮಗೇ ಬಂತು. ನನ್ನ ಬೆಂಚನ್ನು ಯಂತ್ರ ಒಂದೇ ಸಲಕ್ಕೆ ಎತ್ತಿತು. ಅದರ ಜಾಗದಲ್ಲಿ ಜಿರಾಫೆ ಬೇವಿನ ಮರಕ್ಕೆ ಬಾಯಿ ಹಾಕಿಕೊಂಡು ನಿಂತಿತು. ನಾನು ಮನೆಯಲ್ಲಿ ಉಳಿದೆ. ಸುಧಾ ನನ್ನ ಕೈಗೆ ತಂಬೂರಿ ಕೊಟ್ಟಳು. ಮರುದಿನವೇ ವಾಪಸು ಇಸಿದುಕೊಂಡಳು.

ದಿಕ್ಕು ತೋಚದೆ ಇದ್ದಾಗ ಹುಬ್ಬಳ್ಳಿಯಲ್ಲಿರುವ ಸುಧಾಳ ತಮ್ಮ ವಸಂತ ಮನೆಗೆ ಬಂದ. ಬಂದವನೇ ನನ್ನ ಕೈ ಹಿಡಿದುಕೊಂಡ. "ಭಾವಾ, ನಿಮ್ಮಿಂದ ನಮ್ಮ ಪಾರ್ಕ್ ಉಳೀತು" ಎಂದು ಮೊಬೈಲು ತೆಗೆದು ತೋರಿಸಿದ. ನನ್ನ ಮೊದಲ ಭಾಷಣ. ಯಾರೋ ವಿಡಿಯೋ ಹಿಡಿದಿದ್ದರಂತೆ, ಅದು ಊರೂರು ಸುತ್ತಿ ಹುಬ್ಬಳ್ಳಿಗೆ ಹೋಗಿತ್ತಂತೆ. ಎರಡನೆಯದನ್ನು ಯಾರೂ ಹಿಡಿದಿರಲಿಲ್ಲ. "ನಿಮ್ಮ ಮಾತು ಕೇಳಿ ನಮ್ಮ ಮಂದಿ ಎಲ್ಲಾ ಒಂದಾಗಿ ಬ್ಯಾಡ ಅಂದ್ರು. ಯೋಜನಾ ಹೋತು. ಮರ, ಬೆಂಚು ಎಲ್ಲಾ ಹಂಗಽ ಅವ."

"ಬೆಂಚು ಕಲ್ಲಿಂದೇನು?" ಎಂದು ನಾನು ಕೇಳಿದೆ.

ಈಗ ದಿನಾ ಮುಂಜಾನೆ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗುತ್ತೇನೆ. ಅಲ್ಲಿಯವರು ನನ್ನನ್ನು ಗುರುತಿಸುತ್ತಾರೆ, ಎದ್ದು ಬೆಂಚು ಬಿಟ್ಟುಕೊಡುತ್ತಾರೆ, ಒಬ್ಬರು ಚಹಾ ತರಿಸುತ್ತಾರೆ. ಮೊನ್ನೆ ಒಬ್ಬ ಹಿರಿಯರು ಪಕ್ಕದಲ್ಲಿ ಕೂತು, "ನಿಮ್ಮ ಧಾರವಾಡದಾಗ ಪಾರ್ಕ್ ಹೊಸಾದು ಮಾಡ್ಯಾರಂತಲ್ರಿ, ಹೆಂಗೈತಿ?" ಎಂದು ಕೇಳಿದರು. ನಾನು ಪೇಪರು ಮುಖದ ಮೇಲೆ ಎಳೆದುಕೊಂಡು, "ಭಾಳ ಛಲೋ ಅದ ರೀ. ನಿಮ್ಮದರಕಿಂತ ಛಲೋ" ಎಂದೆ.