ಯಾವ ಭಾಷೆಯ ‘ಸಾಗ್ತೈತೆ’?

ನನ್ನ ಮೈದುನನ ಕೈಗೆ ಸಿಕ್ಕಿದ ಯಾವ ವಸ್ತುವೂ ಮೊದಲಿನ ಅಳತೆಯಲ್ಲಿ ಉಳಿದಿಲ್ಲ. ಕೂದಲಿನ ರಬ್ಬರ್ ಬ್ಯಾಂಡು, ಚಪಾತಿ ಹಿಟ್ಟು, ನನ್ನ ತಾಳ್ಮೆ, ಎಲ್ಲವನ್ನೂ ಎಳೆದು ನೋಡಿದ್ದಾನೆ.

ಕಲ್ಯಾಣದುರ್ಗದ ಕಾಲೇಜಿನಲ್ಲಿ ಪಾಠ ಹೇಳುವ ಇವನ ಸಂಶೋಧನೆಯೇ ಅದು. ಚರ್ಮ, ರಕ್ತನಾಳ ಮುಂತಾದವು ಎಷ್ಟು ಎಳೆದರೆ ಎಷ್ಟು ಹಿಗ್ಗುತ್ತವೆ, ಎಲ್ಲಿ ಹರಿದುಹೋಗುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕದ ಮಾದರಿ ಕಟ್ಟುವುದು. “ಕೊಲಾಜನ್ ಅಂತ ಒಂದು ನಾರು ಐತೆ ಅತ್ಗೆ. ಮೈಯೆಲ್ಲಾ ಅದರದೇ ಹೆಣಿಗೆ” ಎನ್ನುತ್ತಾನೆ. ನನಗದು ಹಲ್ಲುಜ್ಜುವ ಪೇಸ್ಟಿನ ಹೆಸರಿನಂತೆ ಕೇಳಿಸುತ್ತದೆ.

ನೆಂಟರ ಗೃಹಪ್ರವೇಶದಲ್ಲಿ ಮುದುಕಿ ದೊಡ್ಡಮ್ಮನ ಜೋತುಬಿದ್ದ ಕಿವಿಯನ್ನು ಎಳೆದು ಬಿಟ್ಟು, ಎಷ್ಟು ಬೇಗ ವಾಪಸು ಹೋಗುತ್ತದೆಂದು ನೋಡಿದ. “ಓಲೆ ಬೇಕಾದ್ರೆ ಕೇಳ್ಲಾ, ಬಿಚ್ಚಿಕೊಡ್ತೀನಿ. ಕಿವಿ ಬುಡು” ಎಂದಳು ದೊಡ್ಡಮ್ಮ.

ಅದಕ್ಕಿಂತ ದೊಡ್ಡ ಗಂಡಾಂತರ ಹಿಂದೂಪುರದ ನಮ್ಮ ಮನೆಯಲ್ಲೇ ಆಯಿತು. ಲಿಂಗ ಕಟ್ಟಿದ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ. ಪೂಜೆಗೆ ಹಾಲು ತೆಗೆಯಲು ಫ್ರಿಜ್ ತೆರೆದರೆ ಮೊಸರಿನ ಪಕ್ಕ ಒಂದು ಡಬ್ಬಿ. ಡಬ್ಬಿಯಲ್ಲಿ ಆಡಿನ ರಕ್ತನಾಳ! “ತಿನ್ನಕ್ಕಲ್ಲ ಅತ್ಗೆ, ಎಳೆಯಕ್ಕೆ” ಎಂದ, ಅದೇ ದೊಡ್ಡ ಸಮಾಧಾನವೆಂಬಂತೆ. ಅರಿಶಿನದ ನೀರು ಚಿಮುಕಿಸಿದೆ, ವಿಭೂತಿ ಬಳಿದೆ. ಇಂದಿಗೂ ನಮ್ಮದು ವಿಭೂತಿ ಧರಿಸಿದ ಫ್ರಿಜ್.

ಹೀಗೆ ನಗುತ್ತಲೇ ಇದ್ದೆವು. ಆಮೇಲೆ ನಮ್ಮ ಯಜಮಾನರ ಎದೆಯ ಸ್ಕ್ಯಾನ್ ಆಯಿತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಂದು ಕಡೆ ಊದಿಕೊಂಡಿದೆ, ಈಗಲೇ ಆಪರೇಷನ್ ಬೇಡ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ, ಒಡೆದರೆ ಪ್ರಾಣಕ್ಕೇ ಅಪಾಯ, ಭಾರ ಎತ್ತಬೇಡಿ ಎಂದರು ಡಾಕ್ಟರು.

ಆ ತಿಂಗಳುಗಳನ್ನು ಹೇಗೆ ಕಳೆದೆನೋ ಶಿವನಿಗೇ ಗೊತ್ತು. ಅವರು ಕೆಮ್ಮಿದರೆ ನನ್ನ ಕೈಯಿಂದ ಸೌಟು ಜಾರುತ್ತಿತ್ತು. ನಕ್ಕರೂ ಭಯವೇ, ಮೊದಲೇ ಮನೆ ಅದುರುವಂತೆ ನಗುವ ಮನುಷ್ಯ. ಸೀನಿದ ಮೇಲೂ ಇನ್ನೊಂದು ಮುದ್ದೆ ಕೇಳಿದರಲ್ಲ, ಅದೇ ಪುಣ್ಯ ಎಂದು ಬಡಿಸುತ್ತಿದ್ದೆ.

ಎರಡನೇ ಸ್ಕ್ಯಾನ್ ಆದ ಮೇಲೆ ಅದರ ಸಿಡಿಯನ್ನು ತನ್ನ ಲೆಕ್ಕಕ್ಕೆ ಹಾಕಿ ನೋಡಲು ಮೈದುನ ಕಲ್ಯಾಣದುರ್ಗಕ್ಕೆ ಒಯ್ದ. ಮರಳಿ ಬಂದವನು ಏನನ್ನೂ ಎಳೆಯಲಿಲ್ಲ. ಚಪಾತಿ ಹಿಟ್ಟು ಎದುರಿಗೇ ಇತ್ತು, ಮುಟ್ಟಲಿಲ್ಲ.

“ಏನಾಯ್ತು, ಹೇಳಪ್ಪ” ಎಂದೆ.

“ಸಾಗ್ತೈತೆ ಅತ್ಗೆ” ಎಂದ.

ಆಂಧ್ರದ ಗಡಿಯ ನಮ್ಮ ಕಡೆ ಈ ಮಾತು ಬಲು ಅಪಾಯದ್ದು. ಕನ್ನಡದಲ್ಲಿ ಬಂಡಿ ಸಾಗುತ್ತದೆ, ಸಂಸಾರ ಸಾಗುತ್ತದೆ, ಅಂದರೆ ಮುಂದಕ್ಕೆ ನಡೆಯುತ್ತದೆ. ತೆಲುಗಿನಲ್ಲಿ ರಬ್ಬರೂ ಸಾಗುತ್ತದೆ, ಅಂದರೆ ಹಿಗ್ಗುತ್ತದೆ. ನಾವೋ ಎರಡನ್ನೂ ಕಲಸಿ ಆಡುವವರು. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ಯಾವ ಸಾಗ್ತೈತೆ ಕಣಪ್ಪ? ಕನ್ನಡದ್ದಾ, ತೆಲುಗುದಾ?”

ಅವನು ಯೋಚನೆಗೆ ಬಿದ್ದ. ಗಂಡನ ಪ್ರಾಣ ಒಂದು ಪದದ ಮೇಲೆ ನಿಂತಿರುವಾಗ ಇವನಿಗೆ ಯೋಚನೆ ಬೇರೆ!

“ಎರಡೂನು. ನಾಳದ ಗೋಡೆ ಇನ್ನೂ ಮೆತ್ತಗೆ ಸಾಗ್ತೈತೆ, ವಾಪಸೂ ಬರ್ತೈತೆ, ನಾರು ಬಿಗಿದು ಸೆಟೆದಿಲ್ಲ. ಹಿಂಗಿದ್ರೆ ಅಣ್ಣನ ಬಂಡಿ ಮುಂದಕ್ಕೂ ಸಾಗ್ತೈತೆ. ಊತಾನೂ ಹೆಚ್ಚಿಲ್ಲ ಅಂತ ಡಾಕ್ಟರು ಹೇಳವ್ರೆ. ನನ್ನದು ಬರೀ ಲೆಕ್ಕ ಅತ್ಗೆ, ಅವ್ರ ಮಾತೇ ಮಾತು.”

“ಅಂಗಾದ್ರೆ ನಾನು ನಗಬೋದೇನ್ಲಾ?” ಎಂದರು ಮಂಚದ ಮೇಲಿದ್ದ ಯಜಮಾನರು.

“ಮೆಲ್ಲಕೆ ನಗು ಕಣಣ್ಣ.”

ಮೈದುನ ಅಣ್ಣನ ಪಕ್ಕ ಕೂತು ಅವರ ಮುಂಗೈ ಚರ್ಮ ಚಿವುಟಿ ಹಿಡಿದ. ಹಳೆಯ ಚಾಳಿ, ಎಳೆಯುತ್ತಾನೆ, ಬಿಡುತ್ತಾನೆ, ನೋಡುತ್ತಾನೆ. ಬಿಡುವುದನ್ನು ಕಾಯುತ್ತಾ ನಿಂತೆ. ಬಿಡಲಿಲ್ಲ. ಚಿವುಟಿದ್ದ ಬೆರಳುಗಳು ಸಡಿಲಾಗಿ ಇಡೀ ಕೈಯನ್ನೇ ಹಿಡಿದುಕೊಂಡವು.