ಸೊಸೆಯ ಕೋಣೆಯಲ್ಲಿ ಟಗರು

ಟೋಪಿ ವ್ಯಾಪಾರಿ ಎರ್ಗಶನ ನೆಮ್ಮದಿ ಕೆಡಿಸಿದ್ದು ಹೊಸ ತೆರಿಗೆಯಲ್ಲ, ಆ ತೆರಿಗೆಯನ್ನು ಅವನಿಗೆ ಬಿಡಿಸಿ ಹೇಳಿದ ಪಕ್ಕದ ಮನೆಯ ಮಮಾಸೋಲಿ. ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು ಈ ಮಹಾನುಭಾವ. ಕೋಕಂದ ಪಟ್ಟಣದ ಆ ಓಣಿಯಲ್ಲಿ ಯಾರೇ ಗೋಡೆ ಎಬ್ಬಿಸಲಿ, ಬಾಗಿಲು ಬದಲಿಸಲಿ, ಕರೆಯದೆಯೇ ಬಂದು ಬುದ್ಧಿ ಹೇಳುತ್ತಿದ್ದ.

ಅಂದು ಬೆಳಗ್ಗೆ ಚಹಾದಂಗಡಿಯಲ್ಲಿ ಅವನು ಹೇಳಿದ್ದು ಇಷ್ಟು: ಈ ವರ್ಷದಿಂದ ಕಾನೂನು ಬದಲಾಗಿದೆ, ಅಂಗಳದಲ್ಲಿ ಹೊಸದಾಗಿ ಎದ್ದ ಕೋಣೆಗಳನ್ನೆಲ್ಲ ಟೇಪು ಹಿಡಿದು ಅಳೆಯುತ್ತಾರೆ, ಮನುಷ್ಯರು ಮಲಗುವ ಕೋಣೆಯಾದರೆ ತೆರಿಗೆ, ಕುರಿ ಕಟ್ಟುವ ಕೊಟ್ಟಿಗೆಯಾದರೆ ಕೇಳುವವರೇ ಇಲ್ಲ.

ಎರ್ಗಶ್ ಕೈಯಲ್ಲಿದ್ದ ಚಹಾ ಬಟ್ಟಲನ್ನು ಕೆಳಗಿಟ್ಟ. ಮಗ ಶೆರ್ಜೋದನಿಗೆ ಹೆಣ್ಣು ಕೇಳಲು ಹೋದ ಎರಡು ಕಡೆಯೂ, ಬೇರೆ ಕೋಣೆಯಿಲ್ಲದ ಮನೆಗೆ ಹುಡುಗಿ ಕೊಡುವುದಿಲ್ಲವೆಂದು ಮುಖದ ಮೇಲೇ ಹೇಳಿದ್ದರು. ಅದಕ್ಕೇ ಇದ್ದಬದ್ದದ್ದನ್ನೆಲ್ಲ ಸುರಿದು ಅಂಗಳದ ಮೂಲೆಯಲ್ಲಿ ಒಂದು ಕೋಣೆ ಕಟ್ಟಿಸಿದ್ದ. ನೀಲಿ ಬಾಗಿಲು, ಎರಡು ಕಿಟಕಿ, ಸೂರಿನ ತುಂಬ ಗಾರೆಯಲ್ಲಿ ಬಿಡಿಸಿದ ದಾಳಿಂಬೆ ಹೂ. ಅದರ ಸುದ್ದಿ ಕೇಳಿಯೇ ಫರ್ಗಾನಾದ ಬೀಗರು ಒಪ್ಪಿದ್ದರು. ಒಳಗಿನ ರತ್ನಗಂಬಳಿ, ಪರದೆ, ಬೀರು ಎಲ್ಲ ಪದ್ಧತಿಯಂತೆ ಹೆಣ್ಣಿನವರ ಪಾಲು. ಆ ಮಾತುಕತೆ ಹೆಂಗಸರದು, ಎರ್ಗಶ್ ಅದಕ್ಕೆ ತಲೆ ಹಾಕಿರಲಿಲ್ಲ. ಖರ್ಬೂಜದ ಕಾಲ ಮುಗಿದೊಡನೆ ಮದುವೆ. ಉಳಿದ ಚೂರುಪಾರನ್ನೂ ತೆರಿಗೆಗೆ ಕೊಟ್ಟರೆ ಮದುವೆಯ ಪಲಾವಿಗೆ ಅಕ್ಕಿ ತರುವುದು ಹೇಗೆ?

ಅಷ್ಟರಲ್ಲಿ ಮಾಂಸದಂಗಡಿಯವನು ಏದುಸಿರು ಬಿಡುತ್ತ ಬಂದ. ಕೊರಳಿಗೆ ಟೇಪು ಹಾಕಿಕೊಂಡವನೊಬ್ಬ ಎರ್ಗಶನ ಹೊಸ ಕೋಣೆ ಎಲ್ಲಿ ಎಂದು ವಿಚಾರಿಸುತ್ತಿದ್ದಾನಂತೆ. ಸದ್ಯಕ್ಕೆ ತನ್ನ ಅಂಗಡಿಯಲ್ಲಿ ಅವನಿಗೆ ಚಹಾ ಕೊಟ್ಟು ಕೂರಿಸಿ ಬಂದಿದ್ದಾನಂತೆ.

"ಹೆದರಬೇಡ ತಮ್ಮಾ," ಎಂದ ಮಮಾಸೋಲಿ. "ನಾನಿದೀನಿ."

ಹೆದರಬೇಕಾಗಿದ್ದೇ ಅದಕ್ಕೆ. ಆದರೆ ಹೆಂಡತಿ ಸಾಲ್ತನತ್ ತಂಗಿಯ ಮನೆಗೆ ಹೋಗಿದ್ದಳು, ಮಗ ಬಸ್ಸು ಓಡಿಸಲು ಹೋಗಿದ್ದ, ತಡೆಯುವವರು ಯಾರೂ ಇರಲಿಲ್ಲ. ಒಬ್ಬರ ಮನೆ ಕೆಲಸವೆಂದರೆ ಓಣಿಯೆಲ್ಲ ಸೇರಿ ಕೈ ಹಚ್ಚುವುದು ಅಲ್ಲಿಯವರಿಗೆ ಹುಟ್ಟುಗುಣ. ಕೋಣೆಯನ್ನು ಕೊಟ್ಟಿಗೆ ಮಾಡಿಬಿಡಬೇಕೆಂದು ಮಮಾಸೋಲಿ ಹೇಳಿದ್ದೇ ತಡ, ಕಟ್ಟುವಾಗ ಬಂದವರೇ ಕೆಡಿಸುವುದಕ್ಕೂ ಬಂದರು. ಓಣಿಗೆಲ್ಲ ಚಿಕ್ಕಮ್ಮನಾದ ಬಾರ್ನೋ ತನ್ನ ಕುರಿಗಳನ್ನೂ ಹಾಯುವ ಟಗರನ್ನೂ ಹೊಡೆದುಕೊಂಡು ಬಂದಳು. ಇನ್ನೊಬ್ಬ ಹುಲ್ಲು ಹರಡಿದ. ಮತ್ತೊಬ್ಬ ಬಿಳಿ ಗೋಡೆಗೆ ಒಲೆಯ ಮಸಿ ಬಳಿದ. ಎರ್ಗಶ್ ದಾಳಿಂಬೆ ಹೂಗಳನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ಟಗರು ಹಿಂದಿನಿಂದ ಬಂದು ಅವನನ್ನು ಹುಲ್ಲಿನೊಳಕ್ಕೆ ಕೆಡವಿತು.

ಹುಲ್ಲು ಕೊಡವಿಕೊಂಡು ಏಳುವುದಕ್ಕೂ ಟೇಪಿನವನು ಒಳಗೆ ಬರುವುದಕ್ಕೂ ಸರಿಹೋಯಿತು. ಇಸ್ತ್ರಿ ಮಾಡಿದ ಕೋಟು, ಮೆಲುಮಾತು.

"ಫರ್ಗಾನಾದಿಂದ ಬಂದೆ, ಅಳತೆಗೆ. ಕೋಣೆ ಎಲ್ಲಿದೆ?"

"ದೊಡ್ಡ ಕಚೇರಿ ಇರೋದೇ ಫರ್ಗಾನಾದಲ್ಲಿ," ಎಂದು ಮಮಾಸೋಲಿ ಎರ್ಗಶನ ಕಿವಿಯಲ್ಲಿ ಉಸುರಿದ.

"ಕೋಣೆ ಎಲ್ಲಿ ಬಂತು ಸಾಹೇಬ್ರೇ, ಇದು ಕೊಟ್ಟಿಗೆ," ಎಂದ ಎರ್ಗಶ್.

ಬಂದವನು ನೀಲಿ ಬಾಗಿಲಿನಿಂದ ಇಣುಕಿದ. ಟಗರು ಅವನನ್ನು ದಿಟ್ಟಿಸಿತು. ಅವನು ಎರ್ಗಶನ ಕಡೆ ತಿರುಗಿದ.

"ಹಾಗಾದ್ರೆ ಮದುವೆ ಆದ್ಮೇಲೆ ನಿಮ್ಮ ಸೊಸೆ ಎಲ್ಲಿರ್ತಾಳೆ?"

ಇವರಿಗೆ ಮದುವೆ ವಿಷಯವೂ ಗೊತ್ತಲ್ಲ ಎಂದು ಎರ್ಗಶ್ ಗಾಬರಿಯಾದ. "ಅವಳಿಗೇನು, ಇಲ್ಲೇ ಕುರಿಗಳ ಜೊತೆ ಹೊಂದ್ಕೋತಾಳೆ," ಎಂದುಬಿಟ್ಟ.

ಓಣಿಯವರು ಸುಮ್ಮನಿರುತ್ತಾರೆಯೇ? ಹುಡುಗನೂ ಹುಟ್ಟಿದಾಗಿನಿಂದ ಕುರಿಗಳ ಮಧ್ಯೆಯೇ ಮಲಗುವುದೆಂದು ಬಾರ್ನೋ ಚಿಕ್ಕಮ್ಮ ಸಾಕ್ಷಿ ನುಡಿದಳು. ಈ ಮನೆಯಲ್ಲಿ ದಿನಾ ಒಲೆ ಹತ್ತುವುದೇ ಅನುಮಾನ, ಹುಡುಗನ ಸಂಬಳ ಅವನ ಸಿಗರೇಟಿಗೇ ಸಾಲದು ಎಂದು ಮಮಾಸೋಲಿ ನಿಟ್ಟುಸಿರುಬಿಟ್ಟ. ಬಂದವನು ಟೇಪನ್ನು ಸುತ್ತಿ ಜೇಬಿಗಿಟ್ಟ, ಕೊಟ್ಟ ಚಹಾ ಮುಟ್ಟದೆ ಹೊರಟುಹೋದ.

"ನೋಡಿದ್ಯಾ, ಅಳೀಲೇ ಇಲ್ಲ," ಎಂದ ಮಮಾಸೋಲಿ. ಇನ್ನೊಂದು ಸಣ್ಣ ಭದ್ರತೆ ಮಾಡಿ ಬರುತ್ತೇನೆಂದು ಫೋನು ಹಿಡಿದು ಮನೆಗೆ ಹೋದ. ಸಹಾಯಕ್ಕೆ ಬಂದವರನ್ನು ಹಸಿದು ಕಳಿಸುವಂತಿಲ್ಲವಾದ್ದರಿಂದ ಎರ್ಗಶ್ ಪಲಾವಿಗೆ ದೊಡ್ಡ ಕೊಪ್ಪರಿಗೆಯನ್ನೇ ಏರಿಸಬೇಕಾಯಿತು.

ಎಲ್ಲರೂ ತೇಗುತ್ತಿದ್ದಾಗ ಸಾಲ್ತನತ್ ರೊಟ್ಟಿಯ ಗಂಟು ಹೊತ್ತು ಬಂದಳು.

"ಶೆರ್ಜೋದನ ಅಪ್ಪಾ, ಹುಡುಗಿಯ ಸೋದರಮಾವ ಬಂದಿದ್ರಾ? ಪರದೆ ಹೊಲಿಯೋರು ಅವರೇ. ಕಿಟಕಿ ಅಳತೆ ತಗೊಂಡ್ರಾ?"

ಸೊಸೆಯ ಕೋಣೆಯಿಂದ ಟಗರು ಮಾತ್ರ ಉತ್ತರ ಕೊಟ್ಟಿತು.

ಎರ್ಗಶ್ ಚಪ್ಪಲಿಯನ್ನೂ ಮೆಟ್ಟದೆ ಬಸ್ ನಿಲ್ದಾಣಕ್ಕೆ ಓಡಿದ. ಅಷ್ಟು ಹೊತ್ತೂ ಫರ್ಗಾನಾದ ಬಸ್ಸಿಗೆ ಕಾದಿದ್ದ ಸೋದರಮಾವ ಹೊಶಿಮ್ ಆಗಷ್ಟೇ ಹತ್ತುವುದರಲ್ಲಿದ್ದ. ಎರ್ಗಶ್ ಅವನ ಕೋಟಿನ ತೋಳು ಹಿಡಿದು, ತೆರಿಗೆ, ಮಮಾಸೋಲಿ, ಕುರಿ, ಎಲ್ಲವನ್ನೂ ಅಳುತ್ತಾ ಹೇಳಿದ. ಈ ಸಂಬಂಧ ಮುರಿದರೆ ಮಗನ ಮುಖ ನೋಡುವುದು ಹೇಗೆಂದು ಅವನಿಗೆ ನಿಜವಾಗಿಯೂ ದಿಕ್ಕು ತೋಚಿರಲಿಲ್ಲ.

ಹೊಶಿಮ್ ಪೂರ್ತಿ ಕೇಳಿಸಿಕೊಂಡ. "ನೀವು ಬೆಳಗ್ಗೆ ಒಂದು ಹೇಳಿದ್ರಿ, ಈಗ ಇನ್ನೊಂದು ಹೇಳ್ತೀರಿ. ಹುಡುಗಿಯ ಅಪ್ಪನಿಗೆ ನಾನು ಏನಂತ ಹೇಳಲಿ? ಅದು ಕೋಣೆ ಅಂತ ತೆರಿಗೆ ಕಟ್ಟಿದ ರಸೀದಿ ತೋರಿಸಿ, ನಂಬ್ತೀನಿ."

ಹಾಗೆ ಎರ್ಗಶ್ ತಾನಾಗಿಯೇ ತೆರಿಗೆ ಕಚೇರಿಯ ಕಿಟಕಿಯ ಮುಂದೆ ಹೋಗಿ ನಿಂತ. ಹೊಶಿಮ್ ಹೊರಗೆ ಕಾಯುತ್ತಿದ್ದ. ಮಗನ ಮದುವೆಗೆಂದು ಕಟ್ಟಿದ ಕೋಣೆಗೆ ತೆರಿಗೆ ಹಾಕಿ ಎಂದು ಎರ್ಗಶ್ ಅಂಗಲಾಚಿದ. ಒಳಗಿದ್ದ ಹೆಂಗಸು ಅವನ ತಲೆಯಲ್ಲಿದ್ದ ಹುಲ್ಲುಕಡ್ಡಿಯನ್ನೇ ನೋಡಿದಳು.

"ಅಣ್ಣಾ, ಹೊಸ ಜೋಡಿಗೆ ಕಟ್ಟಿದ ಕೋಣೆಗೆ ಈ ವರ್ಷದಿಂದ ತೆರಿಗೆ ಮಾಫಿ. ಬದಲಾಗಿರೋದೇ ಅದು. ಕಟ್ಟೋ ಹಾಗೇ ಇಲ್ಲ ಅಂದ್ಮೇಲೆ ರಸೀದಿ ಎಲ್ಲಿಂದ ಕೊಡ್ಲಿ?"

ಎರ್ಗಶ್ ಕಿಟಕಿಯ ಸರಳು ಹಿಡಿದುಕೊಂಡ. ಏನಾದರೂ ಒಂದು ರಸೀದಿ ಕೊಡಿ ತಾಯಿ ಎಂದ.

"ಒಂದು ಇದೆ. ಮಧ್ಯಾಹ್ನ ಮಮಾಸೋಲಿ ಅನ್ನೋರು ಫೋನ್ ಮಾಡಿ, ನಿಮ್ಮದು ಕೊಟ್ಟಿಗೆ, ಒಳಗೆ ಕುರಿ ಇವೆ, ನಾನೇ ಸಾಕ್ಷಿ ಅಂತ ಬರೆಸಿದ್ರು. ಊರೊಳಗೆ ಕುರಿ ಸಾಕಿದ್ರೆ ಈ ವರ್ಷ ತೆರಿಗೆ ಉಂಟು. ಅದನ್ನ ಕಟ್ಟದೆ ಬೇರೆ ಏನೂ ಬರೆಯೋಕಾಗಲ್ಲ."

ಎರ್ಗಶ್ ಅಕ್ಕಿಗೆಂದು ಇಟ್ಟುಕೊಂಡಿದ್ದ ಹಣ ಎಣಿಸಿ ಕೊಟ್ಟು ಹೊರಗೆ ಬಂದ. ಹೊಶಿಮ್ ಕನ್ನಡಕ ಏರಿಸಿ ರಸೀದಿಯನ್ನು ಎರಡು ಸಲ ಓದಿದ, ಕೆಳಗೆ ಸಾಕ್ಷಿ ಎಂದು ಮಮಾಸೋಲಿಯ ಹೆಸರು ಕಂಡು ಮುಗುಳ್ನಕ್ಕ. ಆಮೇಲೆ ಅದನ್ನು ಮಡಚಿ ಎರ್ಗಶನ ಕೈಗಿಟ್ಟು, ಜೇಬಿನಿಂದ ಟೇಪು ತೆಗೆದ.

"ಸರಿ ಬೀಗ್ರೇ, ನಡೀರಿ ಮನೆಗೆ. ಬಾಯಿಗೆ ಸಿಗದ ಹಾಗೆ ಪರದೆ ಎಷ್ಟೆತ್ತರಕ್ಕೆ ಹೊಲೀಬೇಕು ಅಂತ ಗೊತ್ತಾಗ್ಬೇಕು. ಟಗರನ್ನ ಅಳೆಯೋದು ಮರೆತುಬಿಟ್ಟಿದ್ದೆ."