ನೂರೆಪ್ಪತ್ತನಾಲ್ಕು ಕೆಂಪು ಬೆಳಗುಗಳು

ರುವಿ, ಮಸ್ಕತ್
27 ಅಕ್ಟೋಬರ್ 1992

ನಮ್ಮ ಕಚೇರಿಯ ಬಾಗಿಲ ಬಳಿಯ ಗೋಡೆಯನ್ನು ಅಲಂಕರಿಸಿರುವ ಹಾಜರಿ ಯಂತ್ರದವರಿಗೆ,

ಮಾನ್ಯರೇ,

ದಿನಕ್ಕೆ ನಾಲ್ಕು ಬಾರಿ ತಮ್ಮ ಬಾಯಿಗೆ ಕಾರ್ಡು ಒಡ್ಡಿ, ತಾವು ಟಕ್ಕೆಂದು ಕಚ್ಚಿ ಮರಳಿಸಿದ್ದನ್ನು ಪ್ರಸಾದದಂತೆ ಸ್ವೀಕರಿಸಿ ಒಳಹೋಗುವ ಹದಿನೇಳು ಮಂದಿಯ ಪರವಾಗಿ ತಮಗೆ ಗೌರವಪೂರ್ವಕ ವಂದನೆಗಳು. ತಾವು ಇಂಗ್ಲೆಂಡಿನಿಂದ ಬಂದವರು, ಈ ಪತ್ರ ಇಂಗ್ಲಿಷಿನಲ್ಲಿರಬೇಕಿತ್ತು. ಕಾನ್ವೆಂಟಿನಲ್ಲಿ ಓದಿದ ನನಗೂ ಅದೇ ಸುಲಭ. ಆದರೆ ಇದನ್ನು ಚಹಾ ಕೋಣೆಯ ಬಾಗಿಲಿಗೆ ಅಂಟಿಸುವವಳಿದ್ದೇನೆ, ಮತ್ತು ಅಲ್ಲಿ ಚಹಾ ಮಾಡುವ ಸಂಕಪ್ಪನವರಿಗೆ ಓದಲು ಬರುವುದು ಕನ್ನಡ ಮಾತ್ರ.

ಒಮಾನ್ ದೇಶ ತನ್ನ ಗಡಿಯಾರವನ್ನು ಬೇಸಿಗೆಗೊಂದು ಚಳಿಗೊಂದು ಎಂದು ತಿರುಗಿಸುವುದಿಲ್ಲ. ಆದರೆ ಕಳೆದ ಮಾರ್ಚ್ ಕೊನೆಯಲ್ಲಿ ನಮ್ಮ ಲಂಡನ್ ಮುಖ್ಯ ಕಚೇರಿ ಹಗಲಿನ ಬೆಳಕನ್ನು ಉಳಿಸಲೆಂದು ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಾಗ, ನಮಗೂ ಅವರಿಗೂ ಇರುವ ನಾಲ್ಕು ಗಂಟೆಯ ಅಂತರ ಮೂರಾಗಿ ಟೆಲೆಕ್ಸ್ ಕೆಲಸ ಕೆಡಬಾರದೆಂದು ಮ್ಯಾನೇಜರ್ ಪ್ರೇಮನಾಥರು ತಮ್ಮನ್ನೂ ಒಂದು ಗಂಟೆ ಮುಂದಿಡಿಸಿದರು. ಮಸ್ಕತ್ತಿಗೆಲ್ಲ ಏಳು ಗಂಟೆಯಾದಾಗ ತಾವೊಬ್ಬರೇ ಎಂಟು ಎನ್ನತೊಡಗಿದಿರಿ. ಎಂಥ ಧೈರ್ಯ! ನನ್ನ ತಂಗಿ ಮೂರು ವಾರ ಬಂದು ಹೋಗಲು ವೀಸಾಕ್ಕಾಗಿ ಹನ್ನೊಂದು ತಿಂಗಳು ಕಾಯಬೇಕಾಯಿತು. ಇಂಗ್ಲೆಂಡಿನ ಒಂದು ಗಂಟೆಯಾದರೋ ವೀಸಾ ಇಲ್ಲದೆ, ಜಾಮೀನು ನಿಲ್ಲುವ ಕಫೀಲ್ ಇಲ್ಲದೆ ಬಂದಿಳಿದು ಏಳು ತಿಂಗಳು ಆರಾಮವಾಗಿ ವಾಸ ಮಾಡಿತು. ಮೇ ತಿಂಗಳ ಮಸ್ಕತ್ತಿನಲ್ಲಿ ಕುಳಿತು ಬಿಸಿಲು ಉಳಿಸುವುದು ಕಡಲಿಗಿಳಿದು ಉಪ್ಪು ಉಳಿಸಿದ ಹಾಗೆ ಎಂದು ನನಗನ್ನಿಸಿದ್ದು ನಿಜ. ಹೇಳಲಿಲ್ಲ. ಅಕೌಂಟ್ಸಿನ ಬೊನಿಫಾಸರಂತೂ ಹಿಗ್ಗಿಹೋಗಿ, "ಬಾಯೇ, ಮಂಗಳೂರು ಈಗ ಬರೀ ಅರ್ಧ ಗಂಟೆ ದೂರ! ಇನ್ನೊಂದು ಸಲ ತಿರುಗಿಸಿದ್ರೆ ಊರು ದಾಟಿ ಆಚೆ ಬೀಳ್ತೇವೆ" ಎಂದು ನಗಿಸಿದರು. ನಗುತ್ತಲೇ ಹಿತ್ತಾಳೆಯ ಕೀಲಿ ಹಾಕಿ ತಮ್ಮ ಮುಳ್ಳು ತಿರುಗಿಸಿದವಳು ನಾನು.

ನಾವು ಹದಿನಾರು ಮಂದಿ ಹತ್ತಿರದ ವಾದಿ ಕಬೀರ್ ಬಡಾವಣೆಯ ಸುತ್ತಮುತ್ತ ಇರುವವರು. ಹಂಚಿಕೊಂಡ ಕಾರುಗಳಲ್ಲಿ ಒಂದು ಗಂಟೆ ಮೊದಲೇ ಹೊರಟೆವು, ಅಷ್ಟೇ. ಸಂಕಪ್ಪನವರು ಮಾತ್ರ ದೂರದ ಬರ್ಕಾದಲ್ಲಿ, ಬಾಡಿಗೆ ಉಳಿಯಲೆಂದು ಭಾವ ಭೋಜರಾಜರ ಅಂಗಡಿಯ ಹಿಂದೆ ಮಲಗಿ, ಅವರದೇ ತರಕಾರಿ ಪಿಕಪ್ಪಿನಲ್ಲಿ ರುವಿಗೆ ಬರುವವರು. ಒಂದು ಗಂಟೆ ಮೊದಲೇ ಹೊರಡಲಾದೀತೇ ಎಂದು ಕೇಳಿದ್ದಕ್ಕೆ ಭೋಜರಾಜರು, "ಬದನೆ ಲಂಡನ್ ಟೈಮ್ ನೋಡಿ ಬೆಳೆಯುದಿಲ್ಲ ಭಾವ, ಬೆಳಕಾದ ಮೇಲೇ ಕೊಯ್ಯುದು" ಎಂದರಂತೆ. ಹಾಗಾಗಿ ಸಂಕಪ್ಪನವರು ಎಂದಿನಂತೆ ಏಳು ಐವತ್ತಕ್ಕೆ ಬಂದರು. ತಾವು ಎಂಟು ಐವತ್ತು ಎಂದು ಕೆಂಪು ಶಾಯಿಯಲ್ಲಿ ಅಚ್ಚೊತ್ತಿದಿರಿ. ತಮ್ಮ ಲೆಕ್ಕದ ಒಂಬತ್ತಕ್ಕೆ ಬರುವ ಮ್ಯಾನೇಜರರಿಗೆ ಚಹಾ ಸಿದ್ಧವಿರುತ್ತಿದ್ದುದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಸಂಜೆ ನಾವೆಲ್ಲ ಹೋದ ಮೇಲೂ ಅವರು ಒಂದು ಗಂಟೆ ಉಳಿದು ಲೋಟ ತೊಳೆದು ಬಾಗಿಲು ಹಾಕುತ್ತಿದ್ದರು. ತಡವಾಗಿ ಬಂದವರಿಗೆ ಒಂದು ಬಣ್ಣವಿಟ್ಟುಕೊಂಡಿರುವ ತಾವು, ತಡವಾಗಿ ಹೋಗುವವರಿಗೆ ಬಣ್ಣವಿಡಲು ಮರೆತದ್ದು ತಮ್ಮ ಸಂಕೋಚ ಸ್ವಭಾವದಿಂದಲೇ ಇರಬೇಕು.

ಏಪ್ರಿಲಿನಲ್ಲಿ ಅವರು ಕಾರ್ಡು ಹಿಡಿದು ನನ್ನ ಮೇಜಿನ ಬಳಿ ಬಂದರು. "ಅಕ್ಕಾ, ನಾನು ಎಂಟಕ್ಕೆ ಮೊದಲೇ ಬಂದದ್ದಲ್ವಾ? ಇದು ಯಾಕೆ ಕೆಂಪು ಮಾಡ್ತದೆ?" ನಾನು ಟೈಪ್ ಮಾಡುತ್ತಲೇ, "ಅದು ಬರೀ ಬಣ್ಣ ಮಾರಾಯ್ರೇ, ತಲೆಬಿಸಿ ಮಾಡ್ಬೇಡಿ" ಎಂದೆ. ಆಮೇಲೆ ತಿಂಗಳು ತಿಂಗಳೂ ಆ ಕೆಂಪುಗಳನ್ನು ಎಣಿಸಿ ಪಟ್ಟಿಯಲ್ಲಿ ಬರೆದೆ. ಎಣಿಸುವುದಷ್ಟೇ ನನ್ನ ಕೆಲಸ, ಅರ್ಥ ಹೇಳುವುದಲ್ಲ ಎಂದು ನಾನು ನಿಜವಾಗಿ ನಂಬಿದ್ದೆನೋ, ನಂಬುವುದು ಅನುಕೂಲವಾಗಿತ್ತೋ, ಈಗ ಹೇಳಲಾರೆ.

ಮೊನ್ನೆ ಭಾನುವಾರ ಲಂಡನ್ ತನ್ನ ಗಂಟೆಯನ್ನು ಹಿಂದಿಟ್ಟಿತು, ನಾನು ತಮ್ಮದನ್ನು ಹಿಂದಿಟ್ಟೆ. ಸಂಕಪ್ಪನವರು ಕಪ್ಪು ಅಕ್ಷರದ ಕಾರ್ಡನ್ನು ತಂದು ತೋರಿಸಿ, "ಇವತ್ತು ನಾನು ಸರಿಯಾದೆ ಅಕ್ಕಾ" ಎಂದರು. ಮರುದಿನವೇ ಅವರ ರಜೆಯ ಅರ್ಜಿ ಮರಳಿ ಬಂತು. ಎರಡು ವರ್ಷಕ್ಕೊಮ್ಮೆ ಸಿಗುವ ಅರವತ್ತು ದಿನ. ನವೆಂಬರ್ ಇಪ್ಪತ್ತೆರಡಕ್ಕೆ ಪುತ್ತೂರಿನಲ್ಲಿ ಮಗಳ ಮದುವೆ. ಮೂರು ಕೆಂಪಿಗೆ ಒಂದು ದಿನ ರಜೆ ಕಡಿತವೆಂಬುದು ನಿಯಮ, ಅವರ ಕೆಂಪುಗಳು ನೂರೆಪ್ಪತ್ತನಾಲ್ಕು. ಹಾಗಾಗಿ ಐವತ್ತೆಂಟು ದಿನ ಕಳೆದು ಎರಡು ದಿನದ ರಜೆ ಮಂಜೂರಾಗಿದೆ. ಬೊಂಬಾಯಿಗೆ ಹಾರಿ ಅಲ್ಲಿಂದ ಬಸ್ಸು ಹಿಡಿದರೆ ಪುತ್ತೂರು ಮುಟ್ಟಲು ಎರಡು ದಿನ ಸರಿಯಾಗಿ ಸಾಕು. ಬಸ್ಸಿನಿಂದಿಳಿಯದೆ ಮಗಳಿಗೆ ಕೈಬೀಸಿ ಮರಳಬಹುದು.

ಆದ್ದರಿಂದ ತಮ್ಮಲ್ಲಿ ವಿನಯದ ಎರಡು ಕೋರಿಕೆಗಳು. ಮಾರ್ಚಿನಲ್ಲಿ ಪಡೆದ ಗಂಟೆಯನ್ನು ತಾವು ಅಕ್ಟೋಬರಿನಲ್ಲಿ ಪ್ರಾಮಾಣಿಕವಾಗಿ ಹಿಂದಿರುಗಿಸಿದ್ದೀರಿ. ಅದರ ಜೊತೆಗೇ ತೆಗೆದುಕೊಂಡ ಐವತ್ತೆಂಟು ದಿನಗಳನ್ನೂ ಹಿಂದಿರುಗಿಸುವುದು. ಅದಾಗದಿದ್ದರೆ, ಮದುವೆ ನಡುಹಗಲಿನ ಅಭಿಜಿನ್ ಮುಹೂರ್ತದಲ್ಲಿ, ಅಂದರೆ ಸೂರ್ಯ ನೆತ್ತಿಗೆ ಬಂದಾಗ ನಡೆಯುವುದರಿಂದ, ಪುತ್ತೂರಿನ ಸೂರ್ಯನನ್ನು ಸಂಕಪ್ಪನವರು ತಲುಪುವವರೆಗೆ ತಡೆದು ನಿಲ್ಲಿಸುವುದು. ತಮ್ಮ ಅನುಭವಕ್ಕೆ ಇದು ಕಷ್ಟವಲ್ಲ.

ಮುಂದಿನ ಮಾರ್ಚಿನಲ್ಲೂ ಗಡಿಯಾರ ಬದಲಿಸಬೇಕೇ ಎಂದು ಶನಿವಾರದೊಳಗೆ ಅಭಿಪ್ರಾಯ ತಿಳಿಸಲು ಸಿಬ್ಬಂದಿಗೆ ಸುತ್ತೋಲೆ ಬಂದಿದೆ. ಬೇಡವೆಂದು ಬರೆದಿದ್ದೇನೆ. ಜೊತೆಗೆ ನೂರೆಪ್ಪತ್ತನಾಲ್ಕು ಬೆಳಗುಗಳಿಂದಲೂ ಒಂದೊಂದು ಗಂಟೆ ಕಳೆದು ಮಾಡಿದ ಹೊಸ ಪಟ್ಟಿಯೂ ಇದೆ. ಅದರಲ್ಲಿ ಒಂದು ದಿನವೂ ಎಂಟು ದಾಟಿಲ್ಲ.

ತಮ್ಮ ಮುಳ್ಳು ತಿರುಗಿಸಿದ, ತಮ್ಮ ವಿಶ್ವಾಸಿ,
ಪ್ರೆಸಿಲ್ಲಾ ಕುವೆಲ್ಲೊ

ತಾ.ಕ.: ಇದನ್ನು ಅಂಟಿಸುವ ಮೊದಲೇ ಪ್ರೇಮನಾಥರು ಹೊಸ ಪಟ್ಟಿಯನ್ನು ಎರಡು ಬಾರಿ ಓದಿ, ಅರವತ್ತು ದಿನಕ್ಕೂ ಸಹಿ ಹಾಕಿದರು. ಆಮೇಲೆ ತಲೆಯೆತ್ತಿ, "ಇದನ್ನು ಏಪ್ರಿಲಿನಲ್ಲೇ ಯಾಕೆ ಹೇಳಲಿಲ್ಲ ನೀವು?" ಎಂದು ಕೇಳಿದರು. ತಾವಾದರೆ ಯಂತ್ರ, ಉತ್ತರಿಸಬೇಕಾಗಿಲ್ಲ. ನಾಳೆ ನಾನು ಸರಿಯಾಗಿ ಎಂಟಕ್ಕೇ ಬರುತ್ತೇನೆ; ದಯವಿಟ್ಟು ನನ್ನ ಕಾರ್ಡನ್ನು ಕೆಂಪಿನಲ್ಲೇ ಅಚ್ಚೊತ್ತಿ. ಏಳು ತಿಂಗಳು ತಡವಾಗಿದೆ.